ಎಡತೋಳಿನ ಮೂರು ಹೊಲಿಗೆ

ಅಂಗಡಿಯ ಹಿಂದಿನ ಕೋಣೆ,
ಬುಧವಾರ, ಹದಿಮೂರನೇ ತಾರೀಖು, ಮಧ್ಯಾಹ್ನ

ನಮ್ಮ ಮನೆಯ ಯಜಮಾನರಿಗೆ,

ಹೇಗಿದ್ದೀರಿ? ಸೊಂಟದ ನೋವು ಈಗ ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ದಿನವಿಡೀ ನಿಂತು ಎಲ್ಲರಿಗೂ ಬಿಸಿಬಿಸಿ ಬಡಿಸಿ, ಕಡೆಗೆ ನೀವು ತಣ್ಣಗಾದದ್ದನ್ನು ತಿನ್ನುವ ಚಾಳಿ ಬಿಟ್ಟಿರೋ ಇಲ್ಲವೋ? ಹೋದ ವಾರ ಫೋನಿನಲ್ಲಿ ಕೆಮ್ಮುತ್ತಿದ್ದಿರಿ. ಕೇಳಿದರೆ ಒಗ್ಗರಣೆ ಹೊಗೆ ಎಂದಿರಿ. ನಾನು ನಂಬಿದೆ ಎಂದುಕೊಳ್ಳಬೇಡಿ. ಇಲ್ಲಿ ನಾನು ಚೆನ್ನಾಗಿದ್ದೇನೆ. ಪುಟ್ಟಿ ಚೆನ್ನಾಗಿದ್ದಾಳೆ, ಮುಂದಿನ ಎರಡು ಹಲ್ಲು ಬಿದ್ದು ನಕ್ಕರೆ ಬಾಗಿಲು ತೆರೆದಿಟ್ಟ ಹಾಗೆ ಕಾಣುತ್ತಾಳೆ. ನಿಮ್ಮ ತಾಯಿ ಚೆನ್ನಾಗಿಲ್ಲ. ಸುತ್ತಿ ಬಳಸಿ ಹೇಳುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ. ಅವರ ಕಣ್ಣು ಹೋಗುತ್ತಿದೆ. ಇಪ್ಪತ್ತನೇ ತಾರೀಖು ಹಡಗು ದಡ ಮುಟ್ಟಿದಾಗ ನೀವು ಇನ್ನೊಂದು ವರ್ಷದ ಕೆಲಸಕ್ಕೆ ಸಹಿ ಹಾಕುವವರಿದ್ದೀರಲ್ಲ, ಅದಕ್ಕೆ ಮೊದಲು ಈ ಪತ್ರ ನಿಮ್ಮ ಕೈ ಸೇರಬೇಕು. ನಿಮ್ಮ ಏಜೆನ್ಸಿಯ ಕಚೇರಿಯಿಂದ ಹಡಗಿನವರ ಪೊಟ್ಟಣಗಳು ನಾಳೆ ಹೊರಡುತ್ತವಂತೆ, ಅದರ ಜೊತೆ ಕಳಿಸುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡಿ. ನಿಮ್ಮ ಫೋನು ಬರುವುದು ವಾರಕ್ಕೊಮ್ಮೆ, ಅದೂ ಅಂಗಡಿಗೆ, ಅದೂ ಅತ್ತೆಯ ಹೊಲಿಗೆ ಮೆಷಿನ್ನಿನ ಪಕ್ಕಕ್ಕೆ. ನಿಮ್ಮ ಜೊತೆ ಅವರು ಒಂದು ಮಾತೂ ಆಡುವುದಿಲ್ಲ, ಆದರೆ ಪೆಡಲು ತುಳಿಯುವುದನ್ನು ನಿಲ್ಲಿಸಿ ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಾರೆ. ಕಿವಿಗೆ ಏನೂ ಆಗಿಲ್ಲ.

ಎಲ್ಲ ಬಯಲಾದದ್ದು ಪ್ರವಾಸದಲ್ಲಿ. ನಮ್ಮ ಮದುವೆಯ ದಿನಕ್ಕೆಂದು ನೀವು ದೊಡ್ಡ ಪಟ್ಟಣದ ಹೋಟೆಲಿನಲ್ಲಿ ಶನಿವಾರ ಭಾನುವಾರಕ್ಕೆ ಕೋಣೆ ಹಿಡಿದಿಟ್ಟಿದ್ದಿರಲ್ಲ, ಆಮೇಲೆ ರಜೆ ಸಿಗಲಿಲ್ಲ ಎಂದು ಕೈ ತೊಳೆದುಕೊಂಡಿರಲ್ಲ, ಅದೇ ಕೋಣೆ. ಬೇಡ ಎನ್ನೋಣವೆಂದರೆ ಹೋಟೆಲಿನವರು ಈಗ ಆಗುವುದಿಲ್ಲ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಗಂಡ ಬರದಿದ್ದರೆ ಅಷ್ಟೇ ಹೋಯಿತು, ಗಂಡನನ್ನು ಹೆತ್ತವರನ್ನೇ ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದೆ. ಅತ್ತೆ ಜೊತೆ ಮಧುಚಂದ್ರಕ್ಕೆ ಹೊರಟವಳು ಲೋಕದಲ್ಲಿ ನೀನೊಬ್ಬಳೇ ಇರಬೇಕು ಎಂದು ನಮ್ಮಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪುಟ್ಟಿಯನ್ನು ಅವಳ ಮನೆಯಲ್ಲಿ ಬಿಟ್ಟೆ. ಅತ್ತೆ ಶುರುವಿನಲ್ಲಿ "ನಂಗ್ಯಾಕೆ ಈ ವಯಸ್ಸಿನಲ್ಲಿ ಊರು ಸುತ್ತೋ ಹುಚ್ಚು" ಎಂದವರು, ಶನಿವಾರ ಬೆಳಿಗ್ಗೆ ನಾನು ಏಳುವ ಮೊದಲೇ ಚೀಲ ಕಟ್ಟಿಕೊಂಡು ಕೂತಿದ್ದರು. ಗಡಿಯಾರದ ಬೀದಿಗೆ ಹೋಗ್ತೀವಾ ಎಂದು ಮಾತ್ರ ಕೇಳಿದರು. ಅಲ್ಲಿನ ದೊಡ್ಡ ಕೋಟಿನ ಅಂಗಡಿಗೆ ಅವರು ಎಷ್ಟೋ ವರ್ಷ ಹೊಲಿದು ಕೊಟ್ಟವರು. ಗಾಜಿನ ಹಿಂದೆ ನಿಲ್ಲಿಸಿದ ಬೊಂಬೆಯ ಮೈಮೇಲೆ ತಮ್ಮ ಕೋಟು ಹೇಗೆ ಕೂರುತ್ತದೆ ಎಂದು ಒಂದು ಸಲವೂ ಹೋಗಿ ನೋಡಿರಲಿಲ್ಲವಂತೆ.

ಬಸ್ಸಿನಲ್ಲೇ ನನಗೆ ಅನುಮಾನ ಬರಬೇಕಿತ್ತು. ಕಿಟಕಿ ಪಕ್ಕದ ಸೀಟಿಗಾಗಿ ಮೊಮ್ಮಗಳ ಜೊತೆ ಜಗಳಾಡುವ ಹೆಂಗಸು, "ನೀನೇ ಕೂತ್ಕೋ" ಎಂದರು. ಕೂತ ಮೇಲೆ ಹೊರಗೆ ಏನೇನಿದೆ ಹೇಳು ಎಂದು ಶುರು ಮಾಡಿದರು. ನೀವೇ ನೋಡಿ ಎಂದರೆ, "ನಿನ್ನ ಬಾಯಿಗೂ ಏನಾದ್ರೂ ಕೆಲಸ ಬೇಕಲ್ಲ" ಎಂದರು. ನಾನು ನಕ್ಕು, ಸೇತುವೆ ಬಂತು, ಇಟ್ಟಿಗೆ ಗೂಡು ಬಂತು, ಒಬ್ಬ ಸೈಕಲ್ಲಿನಲ್ಲಿ ಕನ್ನಡಿ ಹೊತ್ತುಕೊಂಡು ಹೋಗುತ್ತಿದ್ದಾನೆ ಎಂದು ದಾರಿಯುದ್ದಕ್ಕೂ ಹೇಳುತ್ತಾ ಹೋದೆ. ದಡ್ಡಿ ನಾನು. ಅವರ ಕಣ್ಣು ಮಂಜಾಗಿದೆ ಎಂಬುದು ಚಳಿಗಾಲದಿಂದಲೇ ಗೊತ್ತಿತ್ತು. ಹೊಲಿಗೆ ಅಲ್ಲಲ್ಲಿ ದಾರಿ ತಪ್ಪುತ್ತಿತ್ತು. ಅವರು ಮಧ್ಯಾಹ್ನ ಒರಗಿದಾಗ ಅದನ್ನು ಬಿಚ್ಚಿ, ಮತ್ತೆ ಹೊಲಿದು, ಇಸ್ತ್ರಿ ಹಾಕಿ ಮಡಿಸಿ ಇಟ್ಟುಬಿಡುತ್ತಿದ್ದೆ. ವಯಸ್ಸಾಯಿತು, ಕನ್ನಡಕ ಬದಲಾಯಿಸಿದರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ನನ್ನ ಹಲ್ಲು ಬಿದ್ದಿದ್ದು ಅಜ್ಜಿ ನೋಡ್ಲೇ ಇಲ್ಲ ಎಂದು ಪುಟ್ಟಿ ಮುಖ ಊದಿಸಿದಾಗ, ಅಜ್ಜಿಗೆ ಕೆಲಸ ಇರುತ್ತೆ, ಸುಮ್ನಿರು ಎಂದು ಅವಳಿಗೇ ಗದರಿದೆ. ಮನೆಯಲ್ಲಿ ಹೇಗೆ ತಿಳಿಯಬೇಕು ಹೇಳಿ? ಇಲ್ಲಿ ಕತ್ತರಿ ಎಲ್ಲಿ, ಚಾಕ್ ಎಲ್ಲಿ, ನೀರಿನ ಹೂಜಿ ಎಲ್ಲಿ, ಹೊಸಿಲು ಎಷ್ಟೆತ್ತರ, ಎಲ್ಲವೂ ಅವರ ಕೈಕಾಲಿಗೆ ಬಾಯಿಪಾಠ. ಕಣ್ಣಿನ ಕೆಲಸವನ್ನೆಲ್ಲ ಕೈಯೇ ಮಾಡಿ ಮುಗಿಸುತ್ತಿತ್ತು.

ಹೋಟೆಲಿನ ಕೋಣೆ ಅವರ ಕೈಗೆ ಗೊತ್ತಿರಲಿಲ್ಲ. ಆ ಪುಣ್ಯಾತ್ಮರು ಹೊಸ ಜೋಡಿ ಬರುತ್ತದೆಂದು ತಿಳಿದು ಹಾಸಿಗೆಯ ಮೇಲೆ ಬಿಳಿ ಟವೆಲುಗಳನ್ನು ಮಡಿಸಿ ಎರಡು ಹಂಸ ಮಾಡಿ, ಕೊಕ್ಕಿಗೆ ಕೊಕ್ಕು ತಾಗಿಸಿ ಇಟ್ಟಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಹಾಸಿಗೆಯ ಅಂಚು ತಡವಿ ಕೂತರು, ಕೈಗೆ ಸಿಕ್ಕ ಹಂಸದ ಬೆನ್ನು ಸವರಿದರು. "ಯಾರ ಮನೆ ಬೆಕ್ಕೇ ಇದು, ಇಷ್ಟು ಸಾಧು!" ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದು ನಾನು ಇನ್ನೂ ಜೋರಾಗಿ ನಕ್ಕೆ. ಅವರ ಮುಖ ನೋಡಿದಾಗ ನಗು ನಿಂತುಹೋಯಿತು. ಆಮೇಲೆ ಒಂದೊಂದಾಗಿ ಕಾಣತೊಡಗಿತು. ಲೋಟದ ಪಕ್ಕಕ್ಕೆ ನೀರು ಬಗ್ಗಿಸಿದರು. ಗೋಡೆಯಗಲದ ಕನ್ನಡಿಯ ಮುಂದೆ ನಿಂತು, ದಾರಿ ಬಿಡಮ್ಮ ಎಂದು ತಮಗೇ ತಾವು ಹೇಳಿಕೊಂಡರು. ಸ್ನಾನದ ಕೋಣೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡರು. ನಾನು ಓಡಿಹೋದರೆ, "ಹೊಸ ಜಾಗ, ಎಲ್ಲಾ ತಲೆಕೆಳಗು ಮಾಡಿಟ್ಟಿದ್ದಾರೆ" ಎಂದು ಹೋಟೆಲಿನವರಿಗೇ ಬೈದರು. ನಾನು ಹೂಂ ಎಂದೆ. ಯಾವಾಗಲೂ ಎದುರುತ್ತರ ಕೊಡುವ ಸೊಸೆ ಹೂಂ ಎಂದುಬಿಟ್ಟಳಲ್ಲ, ಆಗಲೇ ಅವರಿಗೆ ನಾನು ಕಂಡುಹಿಡಿದೆ ಎಂದು ಗೊತ್ತಾಗಿರಬೇಕು. ಆ ದಿನವೆಲ್ಲ ಇಬ್ಬರೂ ಅದನ್ನು ಬಿಟ್ಟು ಬೇರೆಲ್ಲ ಮಾತಾಡಿದೆವು.

ಭಾನುವಾರ ತಿಂಡಿ ಮುಗಿಸಿ ಗಡಿಯಾರದ ಬೀದಿಗೆ ಹೋದೆವು. ಆ ಕೋಟಿನ ಅಂಗಡಿ ಈಗ ಇಲ್ಲ ರೀ. ಅಲ್ಲಿ ಮೊಬೈಲು ಮಾರುತ್ತಾರೆ. ಆದರೂ ನಾನು, ಇದೇ ಅತ್ತೆ, ಬಂತು ಎಂದೆ. ಅವರು ಬರೀ ಗೋಡೆಯ ಕಡೆ ತಲೆಯೆತ್ತಿ, "ಪರವಾಗಿಲ್ಲ, ಚೆನ್ನಾಗೇ ಇಟ್ಕೊಂಡಿದ್ದಾರೆ. ಬೊಂಬೆ ಮೈಮೇಲೆ ಇರೋದು ಉಣ್ಣೆ ಕೋಟಾ?" ಎಂದರು. ಹೌದು ಎಂದುಬಿಟ್ಟೆ. ಯಾವ ಬಣ್ಣ ಎಂದರು. ಬೂದು ಎಂದೆ. ಕಾಲರ್ ಹೇಗೆ ಕೂತಿದೆ ಎಂದು ಕೇಳಿದಾಗ ನನಗೆ ಸುಳ್ಳು ಹೇಳುವ ಶಕ್ತಿಯೂ ಮುಗಿದಿತ್ತು. ಕಣ್ಣು ಒರೆಸಿಕೊಳ್ಳಲು ಅವರ ಕೈ ಬಿಟ್ಟೆ, ಅಷ್ಟೇ. ಎದುರಿನಿಂದ ಬೆಳಗಿನ ಸಿನಿಮಾ ಬಿಟ್ಟ ಜನ ನುಗ್ಗಿ ಬಂತು, ಅತ್ತೆ ಕಾಣಿಸಲಿಲ್ಲ.

ನಿಮಗೆ ನೆನಪಿದೆಯಲ್ಲ, ಅವರು ಹೊಲಿದ ಬಟ್ಟೆಗೆಲ್ಲ ಎಡತೋಳಿನ ಅಂಚಿನ ಒಳಗೆ, ಹೆಬ್ಬೆರಳಿಗೆ ಸಿಗುವ ಹಾಗೆ, ಮೂರು ಅಡ್ಡಹೊಲಿಗೆ ಹಾಕುತ್ತಾರೆ. ಅದೇ ಅವರ ರುಜು. ನೀವು ಚಿಕ್ಕವರಿದ್ದಾಗ ಜನಜಂಗುಳಿಯಲ್ಲಿ ನಿಮ್ಮ ಕೈ ಹಿಡಿಯುವ ಬದಲು ಆ ತೋಳಿನ ಅಂಚನ್ನೇ ಹಿಡಿಯುತ್ತಿದ್ದರಂತೆ. ಬೆವರಿದ ಕೈ ಜಾರುತ್ತೆ, ಹೊಲಿಗೆ ಜಾರಲ್ಲ ಎನ್ನುತ್ತಿದ್ದರಂತೆ. ನಾನು ಜನರನ್ನು ತಳ್ಳಿಕೊಂಡು ಹೋಗಿ ನೋಡಿದರೆ ಅತ್ತೆ ಯಾರೋ ಗಂಡಸಿನ ಎಡತೋಳನ್ನು ಹಾಗೇ ಹಿಡಿದು ನಿಂತಿದ್ದಾರೆ. ಅವನು ಹಳೇ ಕಂದು ಕೋಟು ಹಾಕಿದ್ದ. ಆ ಅಂಗಡಿಯಲ್ಲಿ ಯಾವ ಕಾಲದಲ್ಲೋ ಕೊಂಡದ್ದು, ನಮ್ಮ ಅತ್ತೆಯೇ ಹೊಲಿದದ್ದು. ಅವರ ಹೆಬ್ಬೆರಳು ಆ ಮೂರು ಹೊಲಿಗೆಯ ಮೇಲೆ ಹಿಂದೆ ಮುಂದೆ ಆಡುತ್ತಿತ್ತು. "ಬಂದ್ಯಾ ಮಗನೇ? ನಂಗೊತ್ತಿತ್ತು ಬರ್ತೀಯ ಅಂತ" ಎನ್ನುತ್ತಿದ್ದರು. ಅವನೋ ನಿಮಗಿಂತ ಒಂದು ಗೇಣು ಎತ್ತರ. ಇನ್ನೊಂದು ಕೈ ಎತ್ತಿ ಅವನ ಕೆನ್ನೆ ಮುಟ್ಟಿ, "ಗಡ್ಡ ಬಿಟ್ಟಿದ್ದೀಯ. ಸೊರಗಿದ್ದೀಯ. ಊರಿಗೆಲ್ಲ ಅಡುಗೆ ಮಾಡ್ತೀಯಂತೆ, ನೀನು ಹೊಟ್ಟೆ ತುಂಬ ಊಟ ಮಾಡ್ತೀಯೋ ಇಲ್ವೋ" ಎಂದರು. ಎರಡು ವರ್ಷದಿಂದ ಫೋನಿನ ಪಕ್ಕ ತುಟಿ ಬಿಗಿದು ಕೂತ ಹೆಂಗಸು ರೀ ಅದು! ನಿಮಗೆ ಹೇಳಬೇಕಾದದ್ದನ್ನೆಲ್ಲ ಬೀದಿಯಲ್ಲಿ ಯಾರಿಗೋ ಹೇಳುತ್ತಿದ್ದರು. ನಾನು ಓಡಿಹೋಗಿ ಬಿಡಿಸಬೇಕಿತ್ತು. ಬಿಡಿಸಲಿಲ್ಲ. ಆ ಮನುಷ್ಯ ನನ್ನ ಮುಖ ನೋಡಿದ, ಏನು ಅರ್ಥ ಮಾಡಿಕೊಂಡನೋ, ತಲೆ ತಗ್ಗಿಸಿ, "ಮಾಡ್ತಿದ್ದೀನಮ್ಮ" ಎಂದ. ಅವನ ಹೊಟ್ಟೆ ತಣ್ಣಗಿರಲಿ.

ಆದರೆ ಧ್ವನಿ ನಿಮ್ಮದಲ್ಲವಲ್ಲ. ಅತ್ತೆಯ ಕೈ ಕೆನ್ನೆಯಿಂದ ಮೆಲ್ಲಗೆ ಇಳಿಯಿತು. ಆಮೇಲೆ, ಅವರ ಬಿಗುಮಾನ ನಿಮಗೆ ಗೊತ್ತಲ್ಲ, ಗಂಟಲು ಸರಿಮಾಡಿಕೊಂಡು ಅವನನ್ನೇ ತರಾಟೆಗೆ ತೆಗೆದುಕೊಂಡರು. "ಕೋಟು ನಂದು. ನೀನು ಇದನ್ನ ಬಿಸಿನೀರಲ್ಲಿ ಒಗೆದು ಒಗೆದು ಹಾಳು ಮಾಡಿದ್ದೀಯ. ಉಣ್ಣೆಗೆ ಯಾರಾದ್ರೂ ಬಿಸಿನೀರು ಹಾಕ್ತಾರಾ?" ಎಂದರು. ಪಾಪ, ಅವನು ಇನ್ನು ಮೇಲೆ ಹಾಕಲ್ಲ ಎಂದು ಮಾತು ಕೊಟ್ಟು ಹೋದ.

ಗಡಿಯಾರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆವು. ನಾನು ಅಳುತ್ತಿದ್ದೆ, ಅವರು ಅಳಲಿಲ್ಲ. "ಅಂಗಡಿ ಇಲ್ಲ ಅಂತ ಮೊದಲೇ ಹೇಳಬಾರದಿತ್ತಾ? ಉಣ್ಣೆ ವಾಸನೆನೇ ಬರಲಿಲ್ಲ" ಎಂದರು. ಆಮೇಲೆ, "ನಾನು ಹೊಲಿದಿದ್ದನ್ನ ಬಿಚ್ಚಿ ನೀನು ಮತ್ತೆ ಹೊಲೀತೀಯ ಅಂತ ನಂಗೊತ್ತಿಲ್ಲ ಅಂದ್ಕೊಂಡ್ಯಾ? ನಿನ್ನ ಹೊಲಿಗೆ ಬಿಗಿ. ನಿನ್ನ ಬಾಯಿ ಥರಾನೇ" ಎಂದರು. ಅಷ್ಟು ತಿಂಗಳು ನಾನು ಅವರಿಂದ ಮುಚ್ಚಿಟ್ಟೆ, ಅವರು ನನ್ನಿಂದ ಮುಚ್ಚಿಟ್ಟರು, ಇಬ್ಬರೂ ಒಂದೇ ಅಂಗಿಯನ್ನು ಸರದಿಯ ಮೇಲೆ ಹೊಲಿಯುತ್ತಾ ಕೂತಿದ್ದೆವು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಹೀಗೆ ಬರುವುದಾದರೆ ನನಗದು ಬೇಡವೇ ಬೇಡ. ನೀವು ಮನೆ ಬಿಟ್ಟ ದಿನದ ಮಾತನ್ನೂ ಅಲ್ಲೇ ತೆಗೆದರು. ನನಗೆ ಮೆಷಿನ್ನು ಬೇಡ, ಒಲೆಯೇ ಬೇಕು ಎಂದು ನೀವು ಹಟ ಹಿಡಿದದ್ದು, ಹೋಗೋದಾದ್ರೆ ಹೋಗು, ಇನ್ನು ನಿನ್ನ ಮುಖ ನಂಗೆ ತೋರಿಸಬೇಡ ಎಂದು ಅವರು ಕೂಗಿದ್ದು. "ಬಾಯಿ ಆಡಿದ ಮಾತಿಗೆ ಕಣ್ಣು ಶಿಕ್ಷೆ ಅನುಭವಿಸ್ತಿದೆ ಕಣೇ" ಎಂದರು.

ಸೋಮವಾರ ಅಂಗಡಿಯ ಬಾಗಿಲು ತೆಗೆಯದೆ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನೋಡಿದರೆ ಡಾಕ್ಟರಿಗೆ ಇವರ ಪರಿಚಯ ಮೊದಲೇ ಇದೆ! ನನಗೆ ಗೊತ್ತಾಗದ ಹಾಗೆ ಇಸ್ತ್ರಿ ಅಂಗಡಿಯಾಕೆಯನ್ನು ಜೊತೆ ಮಾಡಿಕೊಂಡು ಎರಡು ಸಲ ಬಂದು ಹೋಗಿದ್ದಾರೆ. ಡಾಕ್ಟರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಕಣ್ಣಿನ ಒಳಗಿನ ಒತ್ತಡದಿಂದ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ನಟ್ಟನಡುವೆ ಒಂದು ಚೂರು ಉಳಿದಿದೆ, ಹತ್ತಿರ ತಂದು ಹಿಡಿದರೆ ಅಂಗೈಯಗಲದಷ್ಟು ಕಾಣುತ್ತದೆ. ಆಪರೇಷನ್ ಮಾಡಿದರೆ ಹೋದದ್ದು ವಾಪಸ್ಸು ಬರುವುದಿಲ್ಲ, ಉಳಿದದ್ದು ಉಳಿಯಬಹುದು. ಈ ತಿಂಗಳು ದಾಟಿದರೆ ಅದೂ ಕೈಯಲ್ಲಿಲ್ಲ. ಅಪರೂಪಕ್ಕೊಮ್ಮೆ ಆಪರೇಷನ್ನಿನಲ್ಲೇ ಇದ್ದದ್ದೂ ಹೋಗುವುದುಂಟು, ಅದನ್ನು ಮುಚ್ಚಿಡಲಾರೆ ಎಂದರು. ಅತ್ತೆ ಹಿಡಿದದ್ದು ಆ ಕಡೆಯ ಮಾತನ್ನೇ. "ಹೋದ್ರೆ? ಮೊದಲು ನನ್ನ ಮಗ ಬರಲಿ. ಅವನ ಮುಖ ಒಂದ್ಸಲ ಹತ್ತಿರದಿಂದ ನೋಡ್ಕೊಂಡು ನಿಮ್ಮ ಟೇಬಲ್ ಮೇಲೆ ಮಲಗ್ತೀನಿ. ಅಲ್ಲೀವರೆಗೂ ಮುಟ್ಟಬೇಡಿ" ಎಂದು ಎದ್ದು ಬಂದರು. ಹಾಗಾದರೆ ಕರೆಸುತ್ತೇನೆ ಎಂದರೆ ಅದೂ ಕೂಡದು. ನೀವಾಗಿಯೇ ಬರಬೇಕಂತೆ. ಕರೆಸಿದರೆ ಕಣ್ಣಿಗಾಗಿ ಬಂದ ಹಾಗಾಗುತ್ತದಂತೆ, ಅಮ್ಮನಿಗಾಗಿ ಅಲ್ಲವಂತೆ. ನಾನು ನಿಮಗೆ ಒಂದು ಮಾತು ತಿಳಿಸಿದರೂ ಇನ್ನು ಆಸ್ಪತ್ರೆಯ ಮೆಟ್ಟಿಲು ತುಳಿಯುವುದಿಲ್ಲ ಎಂದು ನನ್ನ ತಲೆ ಮುಟ್ಟಿ ಹೇಳಿದ್ದಾರೆ.

ಹೇಳಿ, ಈ ತಾಯಿ ಮಗನ ನಡುವೆ ಸಿಕ್ಕಿಕೊಂಡ ನಾನು ಏನು ಮಾಡಲಿ? ಬರೆದರೆ ಅತ್ತೆಗೆ ದ್ರೋಹ, ಬರೆಯದಿದ್ದರೆ ಅವರ ಕಣ್ಣಿಗೆ ದ್ರೋಹ. ಇಬ್ಬರದ್ದೂ ಒಂದೇ ಎರಕ, ಬಗ್ಗಿದರೆ ಸೊಂಟ ಮುರಿಯುತ್ತದೆ ಎನ್ನುವ ಜಾತಿ. ಎರಡು ದಿನದಿಂದ ನನಗೆ ಕೈಕಾಲು ಆಡುತ್ತಿಲ್ಲ. ನಿನ್ನೆ ಒಬ್ಬರ ಕುಪ್ಪಸಕ್ಕೆ ಇನ್ನೊಬ್ಬರ ಅಳತೆ ಹಿಡಿದು ಕತ್ತರಿಸಿಬಿಟ್ಟೆ. ಅನ್ನ ಸೀಯುತ್ತದೆ, ಹಾಲು ಉಕ್ಕುತ್ತದೆ, ಪುಟ್ಟಿ ನನ್ನನ್ನು ನೋಡಿ ಹೆದರುತ್ತಾಳೆ. ನನಗಾಗಿ ಬನ್ನಿ ಎಂದು ನಾನು ಈ ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ, ಕೇಳಬೇಕಾಗಿತ್ತು, ಈಗ ಕೇಳುತ್ತೇನೆ. ನನ್ನ ಕೈಲಿ ಆಗುತ್ತಿಲ್ಲ ರೀ. ನಿಮ್ಮ ಸಿಟ್ಟನ್ನು ಸಮುದ್ರಕ್ಕೆ ಎಸೆಯಿರಿ, ಅದಕ್ಕೇನು ಜಾಗ ಕಡಿಮೆಯೇ? ಒಲೆಯ ಕೆಲಸವೇ ಬೇಕೆಂದರೆ ಇಲ್ಲೂ ಒಲೆಗಳಿವೆ. ಬಂದಾಗ ಮಾತ್ರ ನಾನು ಬರೆದೆ ಎಂದು ಬಾಯಿ ಬಿಡಬೇಡಿ. ರಜೆ ಸಿಕ್ಕಿತು, ಬಂದೆ ಎನ್ನಿ. ಗಡ್ಡ ಬೋಳಿಸಿಕೊಂಡು ಬನ್ನಿ. ಹಗಲು ಹೊತ್ತಿನಲ್ಲಿ ಬನ್ನಿ, ಬೆಳಕಿದ್ದರೆ ಅವರಿಗೆ ಚೂರು ಚೆನ್ನಾಗಿ ಕಾಣುತ್ತದೆ. ಬಂದವರೇ ಅವರ ಮುಂದೆ ಮಂಡಿಯೂರಿ ಕೂತು ಮುಖ ಹತ್ತಿರ ಕೊಡಿ.

ಇದನ್ನು ಬರೆಯುವಾಗ ಮುಂದಿನ ಕೋಣೆಯಿಂದ ಮೆಷಿನ್ನಿನ ಸದ್ದು ಕೇಳುತ್ತಿದೆ. ನಿನ್ನೆಯಿಂದ ನೀಲಿ ಬಟ್ಟೆಯೊಂದನ್ನು ಹಿಡಿದು ಕೂತಿದ್ದಾರೆ. ಯಾರದ್ದು ಎಂದರೆ, ಗಿರಾಕಿದು, ನಿಂಗ್ಯಾಕೆ ಎನ್ನುತ್ತಾರೆ. ಟೇಪು ಮುಟ್ಟಲಿಲ್ಲ, ಅಳತೆ ಎಲ್ಲ ತಲೆಯಲ್ಲಿದೆಯಂತೆ. ಒಂದು ಗಳಿಗೆ ಮೆಷಿನ್ನು ಓಡುತ್ತದೆ, ಆಮೇಲೆ ಬಹಳ ಹೊತ್ತು ನಿಲ್ಲುತ್ತದೆ. ನಿಂತಾಗಲೆಲ್ಲ ಸೂಜಿ ಬೆರಳಿಗೆ ಹೋಯಿತೇನೋ ಎಂದು ಪೆನ್ನು ಕೆಳಗಿಟ್ಟು ಕಿವಿಗೊಡುತ್ತೇನೆ. ಮತ್ತೆ ಓಡಲು ಶುರುವಾದರೆ ನಾನೂ ಬರೆಯಲು ಶುರು ಮಾಡುತ್ತೇನೆ.

ಪುಟ್ಟಿ ನಿಮಗೆ ಮುತ್ತು ಕಳಿಸಿದ್ದಾಳೆ, ಹಲ್ಲಿಲ್ಲದ ಬಾಯಿಯದ್ದು, ಒದ್ದೆಯಾಗಿದ್ದರೆ ಒರೆಸಿಕೊಳ್ಳಿ. ನಮ್ಮಕ್ಕ ಭಾವ ನಿಮ್ಮನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಕೆಮ್ಮಿಗೆ ಬಿಸಿನೀರು ಕುಡಿಯಿರಿ. ಮೈ ಜೋಪಾನ.

ದಾರಿ ನೋಡಿ ನೋಡಿ ಸುಸ್ತಾದ
ನಿಮ್ಮ ಬಿಗಿ ಬಾಯಿಯವಳು

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಬಂದರು. ನಾನು ಕಾಗದವನ್ನು ಸೆರಗಿನಲ್ಲಿ ಮುಚ್ಚಿದೆ, ಮುಚ್ಚಬೇಕಾಗಿಯೇ ಇರಲಿಲ್ಲ. ಕೈಯಲ್ಲಿ ಆ ನೀಲಿ ಬಟ್ಟೆ, ಮಡಿಸಿದ್ದು. "ಹಡಗಿಗೆ ನಾಳೆ ಸಾಮಾನು ಹೋಗುತ್ತೆ ಅಂತ ಇಸ್ತ್ರಿಯವಳು ಹೇಳಿದ್ಳು. ಇದನ್ನೂ ಹಾಕು. ಕೊಟ್ಟಿದ್ದು ನಾನು ಅಂತ ಹೇಳಬೇಡ. ನೀನು ಬಿಚ್ಚಬೇಡ" ಎಂದು ಇಟ್ಟು ಹೋದರು. ನಿಮ್ಮ ಅಂಗಿ ರೀ. ಕಾಲರಿನ ಒಂದು ತುದಿ ಉದ್ದ, ಒಂದು ಗಿಡ್ಡ. ಜೇಬು ಓರೆಯಾಗಿದೆ. ಕಾಜ ಒಂದು ಕಡೆ, ಗುಂಡಿ ಒಂದು ಕಡೆ. ಕೂದಲೆಳೆಯಷ್ಟು ಸೊಟ್ಟಗಾದರೆ ತೋಳನ್ನೇ ಬಿಚ್ಚಿ ಎಸೆಯುತ್ತಿದ್ದವರು ಹೊಲಿದದ್ದು ಇದು. ನಾನು ಒಂದು ಎಳೆಯನ್ನೂ ಮುಟ್ಟಿಲ್ಲ. ಸಹಿ ಹಾಕಲು ಹೋಗುವ ಮುಂಚೆ ಇದನ್ನು ಹಾಕಿಕೊಂಡು ಗುಂಡಿ ಹಾಕಲು ನೋಡಿ. ಆಮೇಲೆ ಎಡತೋಳಿನ ಅಂಚಿನೊಳಗೆ ಹೆಬ್ಬೆರಳು ಇಡಿ. ಆ ಮೂರು ಹೊಲಿಗೆ ಮಾತ್ರ ಎಲ್ಲಿರಬೇಕೋ ಅಲ್ಲೇ ಇವೆ, ಒಂದಿಷ್ಟೂ ತಪ್ಪಿಲ್ಲ. ಅದನ್ನು ಮುಟ್ಟಿದ ಮೇಲೂ ನಿಮ್ಮ ಕೈ ಆ ಕಾಗದಕ್ಕೆ ಸಹಿ ಹಾಕುವುದಾದರೆ ಹಾಕಲಿ. ಇಲ್ಲವಾದರೆ ಅದೇ ಅಂಗಿಯಲ್ಲೇ ಬನ್ನಿ. ಅವರು ಮೊದಲು ಹುಡುಕುವುದು ನಿಮ್ಮ ತೋಳನ್ನು.